ನೋಟಿಸ್ ಗಡುವು ಮುಗಿದ ಮೇಲೂ ಬಾಡಿಗೆ ಬಂದಿದೆ, ಇಟ್ಟುಕೊಳ್ಳಬಹುದಾ?

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮದೊಂದು ಮನೆ ಬಾಡಿಗೆಗೆ ಕೊಟ್ಟಿದ್ದೇವೆ. ಬಾಡಿಗೆ 14,000, ಅಡ್ವಾನ್ಸ್ 1 ಲಕ್ಷ. 11 ತಿಂಗಳ ಅಗ್ರಿಮೆಂಟ್ ಮುಗಿದು ಎಂಟು ತಿಂಗಳಾಯಿತು. ಹೊಸದು ಬರೆಸಲಿಲ್ಲ, ನನ್ನದೇ ಸೋಮಾರಿತನ.

ಈಗ ಮಗಳ ಸಂಸಾರ ಊರಿಗೆ ವಾಪಸ್ ಬರುತ್ತಿದೆ, ಮನೆ ನಮಗೇ ಬೇಕು. ಮೊದಲು ಬಾಯಿಮಾತಿನಲ್ಲಿ ಹೇಳಿದೆ. ‘ಮಕ್ಕಳ ಪರೀಕ್ಷೆ ಮುಗಿಯಲಿ ಅಂಕಲ್’ ಅಂದರು. ಆಮೇಲೆ ‘ಆಷಾಢದಲ್ಲಿ ಮನೆ ಬದಲಾಯಿಸಬಾರದು’ ಅಂದರು. ಆಷಾಢವೂ ಹೋಯಿತು! ಬ್ರೋಕರ್ ಫೋನ್ ಎತ್ತುವುದೇ ಇಲ್ಲ. ನೀರು, ಕರೆಂಟು ಕಟ್ ಮಾಡಿ ಅಂತ ಪಕ್ಕದ ಮನೆಯವರ ಸಲಹೆ. ಒಳಗೆ ಚಿಕ್ಕ ಮಕ್ಕಳಿದ್ದಾರೆ, ಅದು ಕಾನೂನಿಗೂ ತಪ್ಪು, ನನ್ನ ಕೈಲಿ ಆಗದು.

ಕೊನೆಗೆ ಲಾಯರ್ ಮೂಲಕ ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 106ರ ಪ್ರಕಾರ 15 ದಿನದ ನೋಟಿಸ್ ಕಳಿಸಿದೆ. ಗಡುವು ಮುಗಿಯಿತು, ಖಾಲಿ ಮಾಡಲಿಲ್ಲ. ಆದರೆ ಮುಂದಿನ ತಿಂಗಳ 5ಕ್ಕೆ ಸರಿಯಾಗಿ ಫೋನ್‌ಪೇನಲ್ಲಿ 14,000 ಬಂತು!

ತಲೆ ಕೆಟ್ಟಿರುವುದು ಇಲ್ಲೇ. ಗಡುವಿನ ನಂತರದ ಬಾಡಿಗೆ ತೆಗೆದುಕೊಂಡರೆ, ಅದೇ ಕಾಯ್ದೆಯ ಸೆಕ್ಷನ್ 113ರ ಪ್ರಕಾರ ನೋಟಿಸನ್ನು ನಾನೇ ಬಿಟ್ಟುಕೊಟ್ಟ ಹಾಗೆ, ಅಂದರೆ ಅದು ಲೆಕ್ಕಕ್ಕಿಲ್ಲದ ಹಾಗೆ ಆಗಬಹುದಂತೆ. ಲಾಯರ್, ‘ಇದು ಬಾಡಿಗೆ ಅಲ್ಲ, ನಷ್ಟ ಪರಿಹಾರ ಅಂತ ಪತ್ರ ಬರೆದು ಇಟ್ಟುಕೊಳ್ಳಿ’ ಅನ್ನುತ್ತಾರೆ. ನಮ್ಮ ಭಾವ, ‘ಸುಮ್ನೆ ವಾಪಸ್ ಹಾಕು’ ಅನ್ನುತ್ತಾರೆ.

ಇಂಥ ಕೇಸ್ ನಡೆಸಿದವರು ಯಾರಾದರೂ ಇದ್ದೀರಾ? ನೀವು ಆ ದುಡ್ಡು ಇಟ್ಟುಕೊಂಡಿರಾ, ವಾಪಸ್ ಕಳಿಸಿದಿರಾ? ಇಟ್ಟುಕೊಂಡಿದ್ದರೆ, ಕೋರ್ಟಿನಲ್ಲಿ ಹಳೆಯ ನೋಟಿಸೇ ನಡೆಯಿತಾ, ಹೊಸದಾಗಿ ಕೊಡಬೇಕಾಯಿತಾ?