ಚಿಕ್ಕಪ್ಪನವರ ಫಾರ್ವರ್ಡ್ ಮತ್ತು ಅಂಗಡಿಯ ಹಳೆಯ ಕಿರ್ದಿ

ಚಿಕ್ಕಪ್ಪ, ದಾವಣಗೆರೆ, ಬೆಳಿಗ್ಗೆ 7:12
ಫಾರ್ವರ್ಡ್ ಆದ ಸಂದೇಶ: ವ್ಯಾಪಾರಸ್ಥರೇ ಎಚ್ಚರ! ಹೊಸ ಕಾನೂನಿನಂತೆ ವಿಚ್ಛೇದನವಾದರೆ ಗಂಡನ ಅಂಗಡಿ, ಕಾರ್ಖಾನೆ, ಕಂಪನಿಯಲ್ಲಿ ಅರ್ಧ ಪಾಲು ಹೆಂಡತಿಗೆ ಹೋಗುತ್ತದೆ. ಇಂದೇ ನಿಮ್ಮ ವ್ಯಾಪಾರವನ್ನು ತಾಯಿಯ ಹೆಸರಿಗೆ ವರ್ಗಾಯಿಸಿ. ಎಲ್ಲರಿಗೂ ತಿಳಿಸಿ.

ಚಿಕ್ಕಪ್ಪ, 7:15
ವೈಶಾಖದಲ್ಲಿ ಮಗನ ಮದುವೆಯಿದೆ. ಬಟ್ಟೆ ಅಂಗಡಿಯನ್ನು ಅವನ ಹೆಸರಿಗೆ ಮಾಡಬೇಕೆಂದಿದ್ದೆ. ಇದನ್ನು ಓದಿದ ಮೇಲೆ ನನ್ನ ಅಮ್ಮನ ಹೆಸರಿಗೆ ಬರೆಸುವುದೇ ಕ್ಷೇಮವೆಂದು ತೋರುತ್ತಿದೆ. ಬಲ್ಲವರು ಹೇಳಿ.

ಭಾವ, ಧಾರವಾಡ, 8:02
ಮಾವನವರೇ, ಅಂಥ ಕಾನೂನು ಬಂದಿಲ್ಲ. 1955ರ ಹಿಂದೂ ವಿವಾಹ ಕಾಯ್ದೆಯಲ್ಲಿ ಆಸ್ತಿಯ ಮಾತು ಬರುವುದು 27ನೇ ಕಲಮಿನಲ್ಲಿ. ಅದು ಮದುವೆಯ ಹೊತ್ತಿಗೆ ಉಡುಗೊರೆಯಾಗಿ ಬಂದು, ಗಂಡಹೆಂಡಿರಿಬ್ಬರಿಗೂ ಜಂಟಿಯಾಗಿ ಸೇರಿರಬಹುದಾದ ವಸ್ತುಗಳಿಗೆ ಸಂಬಂಧಿಸಿದ್ದು. ಮದುವೆಯಾದ ಮೇಲೆ ಕಟ್ಟಿದ ವ್ಯಾಪಾರವನ್ನು ಸಮನಾಗಿ ಹಂಚಬೇಕೆಂದು ಅದರಲ್ಲಿ ಎಲ್ಲಿಯೂ ಹೇಳಿಲ್ಲ. ಗಂಡನ ಸ್ಥಿರಾಸ್ತಿಯಲ್ಲಿ ಪಾಲು ಕೊಡಿಸುವ ತಿದ್ದುಪಡಿ ಮಸೂದೆಯೊಂದನ್ನು 2013ರಲ್ಲಿ ರಾಜ್ಯಸಭೆ ಅಂಗೀಕರಿಸಿತ್ತು, ಆದರೆ ಲೋಕಸಭೆಯ ಅವಧಿ ಮುಗಿದುದರಿಂದ ಅದು ಬಿದ್ದುಹೋಯಿತು. ಗೋವಾದ ಮಾತು ಬೇರೆ. ಅಲ್ಲಿ 1867ರ ಪೋರ್ಚುಗೀಸ್ ಸಂಹಿತೆ ಇಂದಿಗೂ ನಡೆಯುತ್ತಿದೆ. ಮದುವೆಗೆ ಮುನ್ನ ಬೇರೆ ಒಪ್ಪಂದ ಮಾಡಿಕೊಂಡಿರದಿದ್ದರೆ ದಂಪತಿಯ ಆಸ್ತಿ ಇಬ್ಬರದೂ ಆಗುತ್ತದೆ.

ಅಜ್ಜಿಯ ಹೆಸರಿಗೆ ಬರೆಸುವ ಮೊದಲು ಇನ್ನೊಂದನ್ನು ಯೋಚಿಸಿ. ಉಯಿಲು ಇಲ್ಲದಿದ್ದರೆ ಅವರ ಕಾಲಾನಂತರ ಆ ಅಂಗಡಿ ನಿಮ್ಮೊಬ್ಬರಿಗೆ ಬರುವುದಿಲ್ಲ, ಅವರ ಮಕ್ಕಳೆಲ್ಲರಿಗೂ ಸಮನಾಗಿ ಹೋಗುತ್ತದೆ.

ಚಿಕ್ಕಪ್ಪ, 8:20
ಹಾಗಿದ್ದರೆ ವಿಚ್ಛೇದನದಲ್ಲಿ ಇಷ್ಟು ಕೋಟಿ ಕೊಟ್ಟರು, ಅಷ್ಟು ಕೋಟಿ ಕೊಟ್ಟರು ಎಂದು ಪತ್ರಿಕೆಗಳಲ್ಲಿ ಬರುವುದು ಏನು?

ಭಾವ, 8:41
ಅದು ಜೀವನಾಂಶ. 25ನೇ ಕಲಮಿನಡಿ ನ್ಯಾಯಾಲಯವು ಇಬ್ಬರ ಆದಾಯ, ಆಸ್ತಿ, ನಡವಳಿಕೆಗಳನ್ನು ನೋಡಿ ಶಾಶ್ವತ ಜೀವನಾಂಶವನ್ನು ನಿಗದಿ ಮಾಡುತ್ತದೆ. ವ್ಯಾಪಾರವು ಅಲ್ಲಿ ಗಂಡನ ಕೊಡುವ ಶಕ್ತಿಯನ್ನು ಅಳೆಯುವ ಕೋಲು ಮಾತ್ರ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಒಂದು ಪ್ರಕರಣದಲ್ಲಿ 12 ಕೋಟಿ ರೂಪಾಯಿ ಕೊಡಿಸಿತು. ಜೀವನಾಂಶವಿರುವುದು ಮಾಜಿ ಗಂಡನ ಸಂಪತ್ತಿಗೆ ಹೆಂಡತಿಯ ಸಂಪತ್ತನ್ನು ಸಮ ಮಾಡುವುದಕ್ಕಲ್ಲ ಎಂದು ಅದೇ ತೀರ್ಪಿನಲ್ಲಿ ಸ್ಪಷ್ಟವಾಗಿ ಹೇಳಿತು.

ಹೆಸರು ಬದಲಿಸಿ ಮುಚ್ಚಿಡುವುದೂ ಈಗ ಸುಲಭವಿಲ್ಲ. 2020ರ ನವೆಂಬರಿನ ರಜನೀಶ್ ವಿರುದ್ಧ ನೇಹಾ ತೀರ್ಪಿನ ನಂತರ ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ಆಸ್ತಿ, ಸಾಲ, ವರಮಾನಗಳ ಪ್ರಮಾಣಪತ್ರ ಸಲ್ಲಿಸಬೇಕು. ಸುಳ್ಳು ಬರೆದರೆ ಅದೇ ಇನ್ನೊಂದು ಪ್ರಕರಣವಾಗುತ್ತದೆ.

ಅಣ್ಣ, ಸ್ಯಾನ್ ಹೋಸೆ, 9:05
ಚಿಕ್ಕಪ್ಪ, ಆ ಸಂದೇಶದಲ್ಲಿರುವ ಅರ್ಧ ಪಾಲಿನ ಮಾತು ನಾವಿರುವ ಕ್ಯಾಲಿಫೋರ್ನಿಯಾಕ್ಕೆ ಹೊಂದುತ್ತದೆ. ಮದುವೆಯ ಅವಧಿಯಲ್ಲಿ ದುಡಿದು ಕಟ್ಟಿದ್ದು ಇಲ್ಲಿ ಯಾರ ಹೆಸರಿನಲ್ಲಿದ್ದರೂ ಇಬ್ಬರಿಗೂ ಸೇರಿದ್ದು. ಮದುವೆಗೆ ಮುಂಚೆಯೇ ಇದ್ದ ವ್ಯಾಪಾರ ಮದುವೆಯ ನಂತರ ಬೆಳೆದಿದ್ದರೆ ತೂಗುವುದಕ್ಕೆ ಎರಡು ಹಳೆಯ ತೀರ್ಪುಗಳ ದಾರಿಗಳಿವೆ. 1909ರ ಪೆರೇರಾ ತೀರ್ಪಿನಂತೆ ಮೂಲ ಬಂಡವಾಳಕ್ಕೆ ನ್ಯಾಯವಾದ ಬಡ್ಡಿ ಕಟ್ಟಿ ಮಾಲೀಕನಿಗೆ ಬಿಟ್ಟು, ಉಳಿದ ಬೆಳವಣಿಗೆಯನ್ನು ಇಬ್ಬರದೆಂದು ಎಣಿಸುತ್ತಾರೆ. 1921ರ ವ್ಯಾನ್ ಕ್ಯಾಂಪ್ ತೀರ್ಪಿನಂತೆ ಮಾಲೀಕನ ದುಡಿಮೆಗೆ ಸಲ್ಲಬೇಕಾದ ಸಂಬಳವನ್ನು ಲೆಕ್ಕ ಹಾಕಿ, ಮನೆಯ ಖರ್ಚು ಕಳೆದು ಉಳಿದುದನ್ನು ಮಾತ್ರ ಇಬ್ಬರದೆನ್ನುತ್ತಾರೆ. ಬೆಳೆದದ್ದು ದುಡಿಮೆಯಿಂದಲೋ, ಬಂಡವಾಳದಿಂದಲೋ ಎಂಬುದರ ಮೇಲೆ ದಾರಿಯನ್ನು ಆರಿಸುತ್ತಾರೆ.

ಪಾಲು ಸಿಕ್ಕರೂ ವ್ಯಾಪಾರ ಒಡೆಯಬೇಕಾಗಿಲ್ಲ. 2019ರಲ್ಲಿ ಜೆಫ್ ಬೆಜೋಸ್ ಮತ್ತು ಮೆಕೆಂಜಿ ಬೇರೆಯಾದಾಗ ದಂಪತಿಯ ಅಮೆಜಾನ್ ಷೇರುಗಳಲ್ಲಿ ಕಾಲು ಭಾಗ, ಎಂದರೆ ಕಂಪನಿಯ ಸುಮಾರು ನೂರಕ್ಕೆ ನಾಲ್ಕರಷ್ಟು ಮೆಕೆಂಜಿಗೆ ಹೋಯಿತು. ಆ ಷೇರುಗಳ ಮತದಾನದ ಹಕ್ಕು ಬೆಜೋಸ್ ಕೈಯಲ್ಲೇ ಉಳಿಯಿತು.

ಚಿಕ್ಕಪ್ಪ, 9:30
ಅಮೆಜಾನ್ ಬಿಡು. ನನ್ನದು ವರ್ಷಕ್ಕೆ 1 ಕೋಟಿ 20 ಲಕ್ಷದ ವಹಿವಾಟಿರುವ ಅಂಗಡಿ. ಅದರಲ್ಲಿ ಅರ್ಧವೆಂದರೆ 60 ಲಕ್ಷ. ನಿನ್ನೆ ಬಂದ ಹುಡುಗಿಗೆ ಅಷ್ಟು ಕೊಟ್ಟರೆ ಅಂಗಡಿಗೆ ಬಾಗಿಲು ಹಾಕಬೇಕಾಗುತ್ತದೆ.

ನಾನು, ಹುಬ್ಬಳ್ಳಿ, 10:10
ಚಿಕ್ಕಪ್ಪ, ಹುಡುಗಿ ಇನ್ನೂ ಮನೆಗೆ ಕಾಲಿಟ್ಟಿಲ್ಲ. ವಹಿವಾಟು ಅಂಗಡಿಯ ಬೆಲೆಯೂ ಅಲ್ಲ. ನಾಲ್ಕು ವರ್ಷಗಳಿಂದ ನಿಮ್ಮ ಲೆಕ್ಕ ನೋಡುತ್ತಿರುವ ನಾನು, ನಿಮ್ಮ ಅನುಮತಿಯಿದೆ ಎಂದುಕೊಂಡು, ದುಂಡು ಅಂಕಿಗಳಲ್ಲಿ ಹೇಳುತ್ತೇನೆ.

ಪುಸ್ತಕದಲ್ಲಿ 40 ಲಕ್ಷದ ಸರಕಿದೆ. ಅದರಲ್ಲಿ 9 ಲಕ್ಷದ್ದು ಅಟ್ಟದ ಮೇಲಿರುವ ಹಳೆಯ ಫ್ಯಾಷನ್ನಿನ ಮಾಲು. ಅರ್ಧ ಬೆಲೆಗೆ ಹೋದರೆ ಪುಣ್ಯ. ಹಾಗಾಗಿ ಸರಕು 35.5 ಲಕ್ಷ. ಬರಬೇಕಾದ 11 ಲಕ್ಷ ಬಾಕಿಯಲ್ಲಿ 3 ಲಕ್ಷ ಬರುವುದಿಲ್ಲವೆಂದು ನೀವೇ ಹೇಳಿದ್ದೀರಿ. ನಗದು, ಕಪಾಟು, ಗಲ್ಲಾಪೆಟ್ಟಿಗೆ ಎಲ್ಲ ಸೇರಿ 2.5 ಲಕ್ಷ. ಒಟ್ಟು 46 ಲಕ್ಷ. ಸೂರತ್ತಿನ ಸಗಟು ವ್ಯಾಪಾರಿಗಳಿಗೆ ಕೊಡಬೇಕಾದದ್ದು 17 ಲಕ್ಷ, ಬ್ಯಾಂಕಿನ ಓಡಿ, ಎಂದರೆ ಓವರ್‌ಡ್ರಾಫ್ಟ್ ಸಾಲ, 12 ಲಕ್ಷ. ಕಟ್ಟಡ ಬಾಡಿಗೆಯದು. ನಿವ್ವಳ ಉಳಿಯುವುದು 17 ಲಕ್ಷ.

ಇದರ ಮೇಲೆ ಅಂಗಡಿಯ ಹೆಸರಿಗೆ, ಎಂದರೆ ಗುಡ್‌ವಿಲ್‌ಗೆ, ಬೆಲೆ ಕಟ್ಟುತ್ತಾರೆ. ನಿಮ್ಮ ಸರಾಸರಿ ಲಾಭ ವರ್ಷಕ್ಕೆ 9 ಲಕ್ಷ. ನೀವು ಬೆಳಗಿನಿಂದ ರಾತ್ರಿಯವರೆಗೆ ಗಲ್ಲಾದ ಮೇಲೆ ಕೂರುವ ಕೆಲಸಕ್ಕೆ ಬೇರೆಯವರನ್ನು ಇಟ್ಟರೆ ತಿಂಗಳಿಗೆ 50,000, ವರ್ಷಕ್ಕೆ 6 ಲಕ್ಷ. ಅದನ್ನು ಕಳೆದರೆ 3 ಲಕ್ಷ. ಬಂಡವಾಳದ ಬಡ್ಡಿಯನ್ನು ಸದ್ಯಕ್ಕೆ ಬದಿಗಿಟ್ಟು ಮೂರು ವರ್ಷದ ಲಾಭವೆಂದು ಹಿಡಿದರೆ ಗುಡ್‌ವಿಲ್ 9 ಲಕ್ಷ.

ಇಷ್ಟರಲ್ಲಿ ಒಂದು ಸಂಬಳ ಬಿಟ್ಟುಹೋಗಿದೆ. ಬೆಳಿಗ್ಗೆ ಹನ್ನೊಂದರಿಂದ ಅಂಗಡಿಯಲ್ಲಿ ನಿಂತು ಸೀರೆ ಬಿಚ್ಚಿ ತೋರಿಸುವುದು, ರಾತ್ರಿ ಕಿರ್ದಿ, ಎಂದರೆ ದಿನದ ಜಮಾಖರ್ಚಿನ ಪುಸ್ತಕ, ಬರೆಯುವುದು, ಹಬ್ಬದ ದಿನಗಳಲ್ಲಿ ಆಳುಗಳಿಗೆಲ್ಲ ಅಡುಗೆ ಮಾಡಿ ಕಳುಹಿಸುವುದು ಚಿಕ್ಕಮ್ಮ. ತಿಂಗಳಿಗೆ 20,000 ಎಂದು ಕಡಿಮೆಯಲ್ಲೇ ಹಿಡಿಯೋಣ. ವರ್ಷಕ್ಕೆ 2 ಲಕ್ಷ 40 ಸಾವಿರ. ಅದನ್ನೂ ಕಳೆದರೆ ಉಳಿಯುವ ಲಾಭ 60,000, ಗುಡ್‌ವಿಲ್ 1 ಲಕ್ಷ 80 ಸಾವಿರ. ನಿಮ್ಮ ಅಂಗಡಿಯ ಹೆಸರಿನ ಬೆಲೆಯೆಂದು ನಾವು ಬರೆದ 9 ಲಕ್ಷದಲ್ಲಿ 7 ಲಕ್ಷ 20 ಸಾವಿರ ಚಿಕ್ಕಮ್ಮನಿಗೆ ಕೊಡದೆ ಉಳಿಸಿದ ಸಂಬಳ. ನನಗೆ ಈ ಲೆಕ್ಕ ಬಹಳ ದಿನಗಳಿಂದ ಮನಸ್ಸಿನಲ್ಲಿ ಕೊರೆಯುತ್ತಿತ್ತು, ಇಂದು ಹೇಳಿಬಿಟ್ಟೆ.

ಚಿಕ್ಕಪ್ಪ, 10:34
ಮನೆಯವಳು ಮನೆಯ ಅಂಗಡಿಯಲ್ಲಿ ಮಾಡಿದ್ದಕ್ಕೆ ಸಂಬಳ ಎಣಿಸುವುದು ನಮ್ಮಲ್ಲಿ ಇಲ್ಲ. ಅಂಗಡಿಯೆಲ್ಲ ಅವಳದೇ ಅಲ್ಲವೇ?

ನಾನು, 10:41
ಕಾಗದದಲ್ಲಿ ಅವರದಾಗಿ ಒಂದು ರೂಪಾಯಿಯೂ ಇಲ್ಲ, ಚಿಕ್ಕಪ್ಪ. ಜಿಎಸ್‌ಟಿ ನೋಂದಣಿ, ಬ್ಯಾಂಕ್ ಖಾತೆ, ಪರವಾನಗಿ ಎಲ್ಲವೂ ನಿಮ್ಮೊಬ್ಬರ ಹೆಸರಿನಲ್ಲಿವೆ. ಭಾವ ಹೇಳಿದ ಕಾನೂನಿನಂತೆ ಅವರು ನಾಳೆ ಕೇಳಬಹುದಾದದ್ದು ಜೀವನಾಂಶ, ಪಾಲಲ್ಲ. ಅದೇ ಅವರು 1932ರ ಪಾಲುದಾರಿಕೆ ಕಾಯ್ದೆಯಂತೆ ಪಾಲುದಾರರಾಗಿದ್ದರೆ ಗುಡ್‌ವಿಲ್ಲೂ ಸೇರಿದಂತೆ ಎಲ್ಲವೂ ಸಂಸ್ಥೆಯ ಆಸ್ತಿ. ಹೊರಗಿನವರ ಸಾಲ ತೀರಿದ ಮೇಲೆ ಬಂಡವಾಳ ಹಿಂದಕ್ಕೆ, ಆಮೇಲೆ ಉಳಿದದ್ದು ಲಾಭದ ಪ್ರಮಾಣದಲ್ಲಿ ಹಂಚಿಕೆ. ಬರುವ ಸೊಸೆಗೆ ಹೆದರಿ ಹೆಸರು ಬದಲಿಸಲು ಹೊರಟಿರುವ ನೀವು ಅಂಗಡಿ ಕಟ್ಟಿದವರ ಹೆಸರನ್ನು ಮೊದಲು ಬರೆಸಬೇಕೆಂದು ನಾನು ಕೇಳುತ್ತಿದ್ದೇನೆ.

ಚಿಕ್ಕಮ್ಮ, ದಾವಣಗೆರೆ, 11:52
ಫೋಟೊ ಕಳುಹಿಸಿದ್ದೇನೆ. 1998ರ ಕಿರ್ದಿಯ ಮೊದಲ ಪುಟ. ಕೆಂಪು ರಟ್ಟು ಹರಿದಿದೆ, ಮೂಲೆಯಲ್ಲಿ ಕುಂಕುಮದ ಕಲೆ ಇನ್ನೂ ಕಾಣುತ್ತದೆ. ಎಡಗಡೆ ಮೂರನೇ ಸಾಲನ್ನು ಓದಿ: ಮನೆಯಿಂದ ಜಮಾ, 39,500. ಆ ಅಕ್ಷರ ನನ್ನದು. ಆ ಹಣ ನನ್ನ ತವರಿನವರು ಮದುವೆಯಲ್ಲಿ ಹಾಕಿದ್ದ ನಾಲ್ಕು ಬಳೆಗಳದ್ದು. ಅಂದು ನನ್ನ ಹೆಸರು ಬರೆಯಲು ನನಗೇ ಸಂಕೋಚವಾಗಿ ಮನೆಯಿಂದ ಎಂದು ಬರೆದೆ.

ಭಾವ, 12:10
ಅತ್ತೆಯವರೇ, ತವರಿನ ಬಳೆ ಸ್ತ್ರೀಧನ, ಅದು ನಿಮ್ಮ ಸ್ವಂತದ್ದು. 1985ರಲ್ಲಿ ಸುಪ್ರೀಂ ಕೋರ್ಟು ಪ್ರತಿಭಾ ರಾಣಿ ತೀರ್ಪಿನಲ್ಲಿ ಇದನ್ನು ನೇರವಾಗಿ ಹೇಳಿದೆ. ಆದರೆ ಮನೆಯಿಂದ ಎಂಬ ಮಾತನ್ನು ಎದುರು ವಕೀಲರು ಹೇಗೆ ಬೇಕಾದರೂ ಎಳೆಯಬಹುದು. ಸರಾಫರ ಚೀಟಿ ಏನಾದರೂ ಉಳಿದಿದೆಯೇ?

ಚಿಕ್ಕಪ್ಪ, 12:48
ನಾಲ್ಕಲ್ಲ, ಆರು ಬಳೆ. ಎಂಟೂವರೆ ತೊಲ. ಮಾರಲು ಹೋದವನು ನಾನು, ಅವಳು ಅಂಗಡಿಯ ಹೊರಗೆ ಮಗುವನ್ನು ಎತ್ತಿಕೊಂಡು ನಿಂತಿದ್ದಳು. ಚೀಟಿ ಕಬ್ಬಿಣದ ಪೆಟ್ಟಿಗೆಯಲ್ಲಿದೆ. ಆ ಫಾರ್ವರ್ಡನ್ನು ಅಳಿಸಿದ್ದೇನೆ. ಸೋಮವಾರ ಬರುವಾಗ ಪಾಲುದಾರಿಕೆ ಪತ್ರದ ಕರಡನ್ನು ತೆಗೆದುಕೊಂಡು ಬಾರಮ್ಮ. ಅವಳ ಬಂಡವಾಳವನ್ನು ಅಂದಿನ 39,500 ಎಂದು ಬರೆಯಬೇಕೋ, ಎಂಟೂವರೆ ತೊಲದ ಇಂದಿನ ಬೆಲೆಯನ್ನು ಬರೆಯಬೇಕೋ ಎಂಬುದನ್ನು ನಾನಿನ್ನೂ ತೀರ್ಮಾನಿಸಿಲ್ಲ.

ಚಿಕ್ಕಮ್ಮ, 12:51
ಇಂದಿನ ಬೆಲೆಯನ್ನೇ ಬರೆಯಲಿ.