ಅಪ್‌ಡೇಟ್: ಶಿರಸ್ತ್ರಾಣ ಅಸಲಿ, ಆದರೆ ಪ್ರಷ್ಯದ್ದಲ್ಲ

ಮುಂಭಾಗದ ಲೋಹಫಲಕದಲ್ಲಿ ಜರ್ಮನಿಯ ಪ್ರಷ್ಯ ರಾಜ್ಯದ ಹದ್ದಿರುವ ನನ್ನ ಚರ್ಮದ ಪಿಕಲ್‌ಹೌಬ (ನೆತ್ತಿಯಲ್ಲಿ ಮೊನೆಯಿರುವ ಹಳೆಯ ಜರ್ಮನ್ ಸೈನಿಕರ ಶಿರಸ್ತ್ರಾಣ) ಅಸಲಿಯೇ ಎಂದು ಕೇಳಿದ್ದೆ, ಉತ್ತರ ಸಿಕ್ಕಿದೆ. ಅಸಲಿಯ ಹಿತ್ತಾಳೆ ಭಾಗಗಳಿಗೆ ಅಯಸ್ಕಾಂತ ಅಂಟುವುದಿಲ್ಲ ಎಂಬ ಪರೀಕ್ಷೆಯಿಂದ ಏನೂ ತೀರ್ಮಾನವಾಗಲಿಲ್ಲ, ಏಕೆಂದರೆ ನನ್ನದು 1915ರ ಮಾದರಿ. ಮೊದಲ ಮಹಾಯುದ್ಧದ ಕಾಲದಲ್ಲಿ ಹಿತ್ತಾಳೆ ಉಳಿಸಲು ಅದಕ್ಕೆ ಬೂದುಬಣ್ಣದ ಉಕ್ಕಿನ ಭಾಗಗಳನ್ನೇ ಬಳಸಿದ್ದರು, ಮೊನೆಯನ್ನೂ ತಿರುಗಿಸಿ ಕಳಚಬಹುದಿತ್ತು.

ಫಲಿಸಿದ್ದು ಫಲಕವನ್ನು ತೆಗೆದು ಅಡಿಯ ಚರ್ಮವನ್ನು ನೋಡಿ ಎಂಬ ಸಲಹೆ. ಕೊಂಡಿಗಳು ಹಾಯುವ ತೂತುಗಳ ಪಕ್ಕದಲ್ಲೇ ಇನ್ನೊಂದು ಹಳೆಯ ಜೋಡಿ ತೂತುಗಳಿದ್ದವು, ಅಂದರೆ ಹದ್ದನ್ನು ಆಮೇಲೆ ಕೂರಿಸಿದ್ದಾರೆ. ಬಲಬದಿಯ ಲಾಂಛನಬಿಲ್ಲೆ 1897ರಿಂದ ಎಲ್ಲ ಪಡೆಗಳಿಗೂ ಬಂದ ಜರ್ಮನ್ ಸಾಮ್ರಾಜ್ಯದ ಕಪ್ಪು-ಬಿಳಿ-ಕೆಂಪಿನದು. ಎಡಬದಿಯಲ್ಲಿ ಪ್ರಷ್ಯದ ಕಪ್ಪು-ಬಿಳುಪಿನ ಬದಲು ಜರ್ಮನಿಯದೇ ಇನ್ನೊಂದು ರಾಜ್ಯವಾದ ವ್ಯೂರ್ಟೆಂಬರ್ಗ್‌ನ ಕಪ್ಪು-ಕೆಂಪು ಕಂಡಾಗ ನಿಜಕ್ಕೂ ಬೆರಗಾಯಿತು. ತಜ್ಞರೊಬ್ಬರೂ ಚರ್ಮ, ಹೊಲಿಗೆ, ಒಳಗಿನ ಮುದ್ರೆಗಳನ್ನು ನೋಡಿ ಶಿರಸ್ತ್ರಾಣ ಅಸಲಿ, ವ್ಯೂರ್ಟೆಂಬರ್ಗ್‌ನದು ಎಂದೇ ಹೇಳಿದರು. ಈಗ ಅದೇ ರಾಜ್ಯದ ಅಸಲಿ ಫಲಕವನ್ನು ಹುಡುಕುತ್ತಿದ್ದೇನೆ. ಸಲಹೆ ಕೊಟ್ಟವರಿಗೆ ತುಂಬ ಋಣಿ.