‘ಪರಮಾಣು ಇಂಧನ’: ಶಕ್ತಿಯೋ, ಉರುವಲೋ?

ಪದಚರ್ಚೆಯ ಸದಸ್ಯರಿಗೆ ಬೆಳಗಾವಿಯಿಂದ ನಮಸ್ಕಾರ.

ಇಲ್ಲಿಯ ಪದವಿಪೂರ್ವ ವಿದ್ಯಾರ್ಥಿಗಳ ಚರ್ಚಾಸ್ಪರ್ಧೆಯೊಂದರಲ್ಲಿ ‘ಭವಿಷ್ಯದ ಭಾರತಕ್ಕೆ ಪರಮಾಣು ಇಂಧನ ಅನಿವಾರ್ಯವೇ?’ ಎಂಬ ವಿಷಯವನ್ನು ಕೊಟ್ಟಿದ್ದರು. ಪರವಾಗಿ ಮಾತನಾಡಿದ ವಿದ್ಯಾರ್ಥಿನಿ ಕೈಗಾದ ಪರಮಾಣು ಸ್ಥಾವರದಿಂದ ಬರುವ ವಿದ್ಯುತ್ತು, ಹೊಗೆಯಿಲ್ಲದ ಉತ್ಪಾದನೆ, 2047ರ ವೇಳೆಗೆ 100 ಗಿಗಾವ್ಯಾಟ್ ಸಾಮರ್ಥ್ಯವನ್ನು ಮುಟ್ಟಬೇಕೆಂಬ ಕೇಂದ್ರ ಸರ್ಕಾರದ ಗುರಿ, ಇವುಗಳನ್ನು ಎತ್ತಿಕೊಂಡಳು. ವಿರೋಧಿಸಿದ ವಿದ್ಯಾರ್ಥಿ ಯುರೇನಿಯಂ ಗಣಿ, ಅದರ ಸಾಗಾಟ, ಬಳಕೆಯ ನಂತರ ಉಳಿಯುವ ಸರಳುಗಳನ್ನು ಕುರಿತು ಹೇಳಿದನು. ಇಬ್ಬರೂ ಚೆನ್ನಾಗಿಯೇ ಓದಿಕೊಂಡು ಬಂದಿದ್ದರು. ಇಬ್ಬರೂ ಮಾತುಮಾತಿಗೆ ‘ಪರಮಾಣು ಇಂಧನ’ ಎನ್ನುತ್ತಿದ್ದರು. ಆದರೆ ಅವಳ ಬಾಯಲ್ಲಿ ಆ ಪದಕ್ಕೆ ಎನರ್ಜಿ ಎಂಬ ಅರ್ಥವಿತ್ತು, ಅವನ ಬಾಯಲ್ಲಿ ಫ್ಯೂಯೆಲ್ ಎಂಬ ಅರ್ಥವಿತ್ತು. ಹೀಗಾಗಿ ಅರ್ಧ ಗಂಟೆ ನಡೆದ ವಾದದಲ್ಲಿ ಒಬ್ಬರ ಮಾತಿಗೆ ಇನ್ನೊಬ್ಬರು ಉತ್ತರವನ್ನೇ ಕೊಡಲಿಲ್ಲ. ತಪ್ಪು ಮಕ್ಕಳದಲ್ಲ, ವಿಷಯವನ್ನು ಬರೆದುಕೊಟ್ಟ ಕನ್ನಡದ್ದು ಎಂದು ನನಗೆ ಅನ್ನಿಸಿದ್ದರಿಂದ ಈ ಪ್ರಶ್ನೆಯನ್ನು ತಮ್ಮ ಮುಂದಿಡುತ್ತಿದ್ದೇನೆ.

ಇಂಧನವೆಂದರೆ ಮೂಲತಃ ಉರಿಸುವುದಕ್ಕೆ ಬೇಕಾದ ವಸ್ತು. ‘ಇಂಧ್’ ಎಂಬ ಸಂಸ್ಕೃತ ಧಾತುವಿಗೆ ಹೊತ್ತಿಸು ಎಂದೇ ಅರ್ಥ. ನಮ್ಮ ಉರುವಲು ಅದಕ್ಕೆ ಸರಿಯಾದ ಜೋಡಿ. ಹಿಂದಿ, ಮರಾಠಿಗಳಲ್ಲಿ ಆ ಪದ ಇಂದಿಗೂ ಆ ಅರ್ಥದಲ್ಲಿಯೇ ನಿಂತಿದೆ, ಎನರ್ಜಿಗೆ ಅಲ್ಲಿ ‘ಊರ್ಜಾ’ ಎಂಬ ಬೇರೆ ಪದವಿದೆ. ಕನ್ನಡದಲ್ಲಿ ಊರ್ಜೆ ಬೇರೂರಲಿಲ್ಲ. ವಿಜ್ಞಾನದ ಪಠ್ಯಗಳು ‘ಶಕ್ತಿ’ ಎಂದವು. ಆಡಳಿತ ‘ಇಂಧನ’ ಎಂದಿತು. ರಾಜ್ಯದಲ್ಲಿ ವಿದ್ಯುತ್ತನ್ನು ನೋಡಿಕೊಳ್ಳುವ ಇಲಾಖೆಗೆ ಇಂಧನ ಇಲಾಖೆಯೆಂದೂ ಅದರ ಸಚಿವರಿಗೆ ಇಂಧನ ಸಚಿವರೆಂದೂ ಹೆಸರಾಯಿತು. ಅಲ್ಲಿಂದ ಮುಂದೆ ಪತ್ರಿಕೆಗಳಲ್ಲಿ ‘ನವೀಕರಿಸಬಹುದಾದ ಇಂಧನ’, ‘ಸೌರ ಇಂಧನ’ ಎಂಬ ಪ್ರಯೋಗಗಳು ಸಲೀಸಾಗಿ ಬಂದವು. ಗಾಳಿಯಂತ್ರಕ್ಕೂ ಸೌರಫಲಕಕ್ಕೂ ಉರುವಲೇ ಬೇಕಿಲ್ಲ, ಅದೇ ಅವುಗಳ ಹೆಚ್ಚುಗಾರಿಕೆ. ಆ ಹೆಚ್ಚುಗಾರಿಕೆಯನ್ನು ಮುಚ್ಚಿಹಾಕುವ ಪದವನ್ನೇ ಆರಿಸಿ ಅವುಗಳಿಗೆ ಅಂಟಿಸಿದ್ದೇವೆ.

ನಮ್ಮ ಕಡೆಯ ಜನರಿಗೆ ಈ ಭೇದವನ್ನು ವಿವರಿಸುವುದು ಕಷ್ಟವೇನಲ್ಲ. ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಸಕ್ಕರೆ ಕಾರ್ಖಾನೆಗಳಲ್ಲಿ ಕಬ್ಬನ್ನು ಹಿಂಡಿದ ಮೇಲೆ ಉಳಿಯುವ ಸಿಪ್ಪೆಯನ್ನು ಬಾಯ್ಲರಿಗೆ ಹಾಕಿ ಕರೆಂಟು ತೆಗೆಯುತ್ತಾರೆ. ಸಿಪ್ಪೆ ಇಂಧನ, ಅದರಿಂದ ಬಿಡುಗಡೆಯಾಗುವ ಶಾಖ ಶಕ್ತಿ, ಕೊನೆಗೆ ತಂತಿಯಲ್ಲಿ ಹರಿಯುವುದು ವಿದ್ಯುತ್ತು. ವಿಜಯಪುರ ಜಿಲ್ಲೆಯ ಕೂಡಗಿಯಲ್ಲಿ 2,400 ಮೆಗಾವ್ಯಾಟಿನ ಸ್ಥಾವರಕ್ಕೆ ಕಲ್ಲಿದ್ದಲು ಇಂಧನ. ಅದಕ್ಕೆ ಹತ್ತಿರವೇ ಇರುವ ಆಲಮಟ್ಟಿಯ 290 ಮೆಗಾವ್ಯಾಟಿನ ಜಲವಿದ್ಯುದಾಗಾರಕ್ಕೆ ಇಂಧನವೇ ಇಲ್ಲ. ಕೈಗಾದ 220 ಮೆಗಾವ್ಯಾಟಿನ ನಾಲ್ಕು ಘಟಕಗಳಲ್ಲಿ ಇಂಧನವೆಂದರೆ ಸುಮಾರು ಅರ್ಧ ಮೀಟರ್ ಉದ್ದದ ಕಂತೆ. ಹತ್ತೊಂಬತ್ತು ತೆಳು ಕೊಳವೆಗಳನ್ನು ಸೇರಿಸಿ ಕಟ್ಟಿದ ಆ ಕಂತೆಯೊಳಗೆ ಯುರೇನಿಯಂ ಆಕ್ಸೈಡಿನ ಗುಳಿಗೆಗಳನ್ನು ತುಂಬಿರುತ್ತಾರೆ. ಅದು ಹೈದರಾಬಾದಿನಲ್ಲಿ ತಯಾರಾಗುತ್ತದೆ. ಅಲ್ಲಿಯ ಕಾರ್ಖಾನೆಯ ‘ಇಂಧನ ಸಂಕೀರ್ಣ’ ಎಂಬ ಹೆಸರಿನಲ್ಲಿರುವ ಇಂಧನ ಮಾತ್ರ ನಿಜವಾದ ಇಂಧನ. ಅದೇ ಪದವನ್ನು ಹುಬ್ಬಳ್ಳಿ ವಿದ್ಯುತ್ ಸರಬರಾಜು ಕಂಪನಿಯ ಬಿಲ್ಲಿಗೆ ಸಂಬಂಧಿಸಿದ ಸುದ್ದಿಯಲ್ಲಿಯೂ ಓದಿದ ವಿದ್ಯಾರ್ಥಿ ಗೊಂದಲಕ್ಕೆ ಬೀಳದೆ ಇರುತ್ತಾನೆಯೇ?

‘ಯುರೇನಿಯಂ ಉರಿಸಿ’, ‘ಯುರೇನಿಯಂ ಸುಟ್ಟು’ ಎಂಬ ಪ್ರಯೋಗಗಳು ಹುಟ್ಟುವುದೂ ಇಲ್ಲಿಂದಲೇ. ಕಲ್ಲಿದ್ದಲು ಉರಿಯುವಾಗ ಇಂಗಾಲ ಆಮ್ಲಜನಕದೊಡನೆ ಸೇರಿ ಇಂಗಾಲದ ಡೈಆಕ್ಸೈಡ್ ಆಗುತ್ತದೆ. ಯುರೇನಿಯಂ ಒಡೆಯುವಾಗ ಅಂಥದ್ದೇನೂ ನಡೆಯುವುದಿಲ್ಲ. ಹವಾಮಾನದ ದೃಷ್ಟಿಯಿಂದ ಈ ಸ್ಥಾವರಗಳನ್ನು ಬೆಂಬಲಿಸುವವರ ಮುಖ್ಯ ವಾದ ಇದೇ ಆಗಿರುವಾಗ, ‘ಸುಡು’ ಎಂಬ ಕ್ರಿಯಾಪದ ಅವರ ವಾದವನ್ನು ಮೊದಲೇ ಕೆಡಿಸುತ್ತದೆ. ಪ್ರತಿಪಕ್ಷದವರಿಗೆ ಇದರಿಂದ ಅನುಕೂಲವಾಗಬಹುದು, ಆದರೆ ಅದು ನ್ಯಾಯವಾದ ಅನುಕೂಲವಲ್ಲ.

ಇನ್ನು ಅಣು, ಪರಮಾಣುಗಳ ಗೊಂದಲ. ಕನ್ನಡದ ಪಠ್ಯಗಳಲ್ಲಿ ಅಣುವೆಂದರೆ ಮಾಲಿಕ್ಯೂಲ್, ಪರಮಾಣುವೆಂದರೆ ಆಟಂ. ಆದರೂ ಅಣುಬಾಂಬು, ಅಣುಸ್ಥಾವರ, ಅಣುಶಕ್ತಿ ಆಯೋಗ ಎಂಬ ಪದಗಳು ಹಾಗೆಯೇ ಉಳಿದಿವೆ. ಬೆಳಗಾವಿಯಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರುತ್ತದೆ. ಮರಾಠಿಯಲ್ಲಿ ಅಣುವೆಂದರೆ ಆಟಂ, ಮಾಲಿಕ್ಯೂಲಿಗೆ ರೇಣು. ರತ್ನಾಗಿರಿ ಜಿಲ್ಲೆಯ ಜೈತಾಪುರದಲ್ಲಿ 9,900 ಮೆಗಾವ್ಯಾಟಿನ ಯೋಜನೆಯ ಬಗ್ಗೆ ವರ್ಷಗಟ್ಟಲೆ ನಡೆದ ವಾಗ್ವಾದವನ್ನು ಮರಾಠಿ ಪತ್ರಿಕೆಗಳಲ್ಲಿ ಓದುತ್ತ ಬಂದ ನಮ್ಮೂರಿನ ಓದುಗರಿಗೆ ‘ಅಣುಊರ್ಜಾ’ ಸಹಜವಾದ ಪದ, ಮತ್ತು ಆ ಭಾಷೆಯಲ್ಲಿ ಅದು ಸರಿಯಾದ ಪದ. ಅದನ್ನೇ ‘ಅಣುಶಕ್ತಿ’ ಎಂದು ಕನ್ನಡಕ್ಕೆ ತಂದರೆ ಕನ್ನಡ ಶಾಲೆಯ ಲೆಕ್ಕದಲ್ಲಿ ಅರ್ಥ ಕೆಡುತ್ತದೆ. ಹಟಕ್ಕೆ ಬಿದ್ದು ಹೇಳುವುದಾದರೆ, ಅಣುಗಳು ಒಡೆದು ಕೂಡಿ ಶಾಖ ಬರುವುದು ಕೂಡಗಿಯ ಒಲೆಯಲ್ಲಿ. ಅಣುಶಕ್ತಿ ಎಂಬ ಹೆಸರು ಕೈಗಾಕ್ಕಿಂತ ಅದಕ್ಕೇ ಹೆಚ್ಚು ಒಪ್ಪುತ್ತದೆ!

ಪರಮಾಣು ಎಂದರೂ ಪೂರ್ಣ ಖಚಿತವಾಗುವುದಿಲ್ಲ, ಏಕೆಂದರೆ ಶಕ್ತಿ ಹೊರಬರುವುದು ಪರಮಾಣುವಿನ ನಡುವಿನ ಬೀಜದಿಂದ, ಎಂದರೆ ನ್ಯೂಕ್ಲಿಯಸ್ಸಿನಿಂದ. ಕೆಲವು ವಿಜ್ಞಾನ ಲೇಖಕರು ಬಳಸುವ ‘ಬೈಜಿಕ’ ಎಂಬ ವಿಶೇಷಣ ಅತ್ಯಂತ ನಿಖರವಾದದ್ದೆಂದು ನಾನು ಒಪ್ಪುತ್ತೇನೆ. ಬೈಜಿಕ ವಿದಳನ (ಬೀಜ ಒಡೆಯುವುದು), ಬೈಜಿಕ ಸಮ್ಮಿಲನ (ಬೀಜಗಳು ಕೂಡುವುದು) ಎಂಬ ಜೋಡಿ ಕಿವಿಗೂ ಹಿತವಾಗಿದೆ. ಆದರೆ ಮುಂಗಾರು ಪೂರ್ವದಲ್ಲಿ ಬೀಜ, ಗೊಬ್ಬರದ ಅಂಗಡಿಗಳ ಮುಂದೆ ಸಾಲುಗಟ್ಟುವ ಬಾಗಲಕೋಟೆಯ ರೈತರ ಸಭೆಯಲ್ಲಿ ‘ಬೈಜಿಕ ಸ್ಥಾವರ’ ಎಂದರೆ ಏನೆಂದು ತಿಳಿದುಕೊಂಡಾರು? ಪಠ್ಯಕ್ಕೆ ಬೈಜಿಕ, ಸಾರ್ವಜನಿಕ ಚರ್ಚೆಗೆ ಪರಮಾಣು ಎಂಬ ವಿಭಾಗ ನನಗೆ ಸದ್ಯಕ್ಕೆ ಸಾಕೆನಿಸಿದೆ. ಅಣುವನ್ನು ಮಾತ್ರ ಎರಡರಿಂದಲೂ ಬಿಡುವುದು ಒಳ್ಳೆಯದು.

ಸ್ಥಾವರ ಎಂಬ ಪದದ ಬಗ್ಗೆ ತಕರಾರಿಲ್ಲ. ಆದರೂ ಬಸವಣ್ಣನವರ ವಚನಗಳನ್ನು ಬಲ್ಲ ಕೂಡಲಸಂಗಮದ ಸೀಮೆಯವರಿಗೆ ಸ್ಥಾವರವೆಂದರೆ ಅಲುಗದೆ ನಿಂತದ್ದು, ಚಲಿಸುವ ಜಂಗಮಕ್ಕೆ ಎದುರಾಗಿ ನಿಲ್ಲುವ ಪದ. ರಷ್ಯಾದವರು 2019ರ ಡಿಸೆಂಬರಿನಲ್ಲಿ ತಮ್ಮ ಉತ್ತರ ತೀರದ ಪೆವೆಕ್ ಬಂದರಿನಲ್ಲಿ 35 ಮೆಗಾವ್ಯಾಟಿನ ಎರಡು ರಿಯಾಕ್ಟರುಗಳನ್ನು ಹೊತ್ತ ಹಡಗಿನಿಂದ ವಿದ್ಯುತ್ತು ಕೊಡಲು ಶುರು ಮಾಡಿದ್ದಾರೆ. ಅದನ್ನು ನಮ್ಮಲ್ಲಿ ‘ತೇಲುವ ಸ್ಥಾವರ’ ಎಂದು ಬರೆದರೆ ಇಲ್ಲಿಯ ಹಿರಿಯರು ನಗದೆ ಬಿಡಲಾರರು.

ನನಗೆ ನಿಜವಾಗಿಯೂ ಉತ್ತರ ಬೇಕಾಗಿರುವುದು ‘ಸ್ಪೆಂಟ್ ಫ್ಯೂಯೆಲ್’, ಎಂದರೆ ರಿಯಾಕ್ಟರಿನಲ್ಲಿ ಬಳಸಿಯಾದ ಇಂಧನ, ಎಂಬುದಕ್ಕೆ. ರಿಯಾಕ್ಟರಿನಿಂದ ಹೊರತೆಗೆದ ಕಂತೆಯಲ್ಲಿ ಬೂದಿಯಿರುವುದಿಲ್ಲ. ಬಹುಪಾಲು ಯುರೇನಿಯಂ ಹಾಗೆಯೇ ಉಳಿದಿರುತ್ತದೆ, ಜೊತೆಗೆ ವಿದಳನದ ತುಣುಕುಗಳೂ ಹೊಸದಾಗಿ ಹುಟ್ಟಿದ ಪ್ಲುಟೋನಿಯಮ್ಮೂ ಇರುತ್ತವೆ. ಭಾರತದ ನೀತಿಯಲ್ಲಿ ಅದು ಮರುಸಂಸ್ಕರಣೆಗೆ, ಎಂದರೆ ಉಪಯುಕ್ತ ಭಾಗವನ್ನು ಬೇರ್ಪಡಿಸಿ ಮತ್ತೆ ಬಳಸುವುದಕ್ಕೆ, ಹೋಗಬೇಕಾದ ಸಾಮಗ್ರಿ. ಫಿನ್ಲೆಂಡಿನವರು ಅದನ್ನು ಶಾಶ್ವತವಾಗಿ ಹೂಳುವುದಕ್ಕೆಂದು ಓಲ್ಕಿಲುವೊಟೊ ದ್ವೀಪದ ಬಂಡೆಯೊಳಗೆ ಆಳವಾದ ಸುರಂಗಗಳನ್ನು ಕೊರೆದಿದ್ದಾರೆ. ಎಂದರೆ ಒಂದೇ ವಸ್ತು ಒಂದು ದೇಶದಲ್ಲಿ ಸಂಪನ್ಮೂಲ, ಇನ್ನೊಂದರಲ್ಲಿ ಕಸ. ಕನ್ನಡ ಪತ್ರಿಕೆಗಳು ವಿಚಾರಿಸದೆ ‘ಪರಮಾಣು ತ್ಯಾಜ್ಯ’ ಎಂದು ಬರೆದಾಗ ಚರ್ಚೆ ಆರಂಭವಾಗುವ ಮೊದಲೇ ಒಂದು ಪಕ್ಷದ ತೀರ್ಪು ಹೊರಬಿದ್ದಿರುತ್ತದೆ. ಮರುಸಂಸ್ಕರಣೆಯ ಬಳಿಕ ಉಳಿಯುವ ತೀವ್ರ ವಿಕಿರಣದ ದ್ರವಕ್ಕೆ ತ್ಯಾಜ್ಯವೆಂಬ ಹೆಸರು ಸಲ್ಲುತ್ತದೆ, ಅದಕ್ಕೆ ಯಾರ ಆಕ್ಷೇಪವೂ ಇರಲಾರದು. ಹಿಂದಿಯ ಇಲಾಖಾ ಬರಹಗಳಲ್ಲಿ ‘ಭುಕ್ತಶೇಷ’ ಎಂಬ ಪದವಿದೆ. ಕನ್ನಡದ ಕಿವಿಗೆ ಅದು ಉಂಡು ಬಿಟ್ಟ ಎಲೆಯ ಎಂಜಲಿನಂತೆ ಕೇಳಿಸುತ್ತದೆ, ನನಗೆ ರುಚಿಸಲಿಲ್ಲ. ‘ಬಳಸಿದ ಇಂಧನ’ ಸರಳವಾಗಿದೆ, ಆದರೆ ‘ನಾವು ಈ ವರ್ಷ ಬಳಸಿದ ಇಂಧನ ಇಷ್ಟು’ ಎಂಬಂಥ ವಾಕ್ಯದಲ್ಲಿ ಅದು ಪಾರಿಭಾಷಿಕ ಪದವೆಂದು ತಿಳಿಯುವುದೇ ಇಲ್ಲ.

ಇದರ ಬೆನ್ನಿಗೇ ಬರುವ ‘ಅರ್ಧಾಯು’ ಕೂಡ ಸ್ವಲ್ಪ ಮೋಸದ ಪದ. ವಿಕಿರಣ ಸೂಸುವ ವಸ್ತು ಕ್ಷಯಿಸಿ ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲ ಅದು. ಸೀಸಿಯಂ-137ರ ಅರ್ಧಾಯು ಸುಮಾರು 30 ವರ್ಷ ಎಂದಾಗ, 60 ವರ್ಷಕ್ಕೆ ಅದರ ಆಯುಷ್ಯವೇ ಮುಗಿಯಿತೆಂದು ಓದಿಕೊಂಡವರೂ ಎಣಿಸುತ್ತಾರೆ. 60 ವರ್ಷಕ್ಕೆ ಕಾಲುಭಾಗ ಉಳಿದೇ ಇರುತ್ತದೆ. ಪ್ಲುಟೋನಿಯಂ-239ರ ವಿಷಯದಲ್ಲಿ ಆ ಅವಧಿ ಸುಮಾರು 24,000 ವರ್ಷ. ‘ಅರ್ಧಿಸುವ ಕಾಲ’ ಎಂದರೆ ಈ ಭ್ರಮೆ ತಪ್ಪೀತೆಂದು ನನ್ನ ಊಹೆ.

‘ಬೇಸ್ ಲೋಡ್’ (ಹಗಲಿರುಳೂ ಇದ್ದೇ ಇರುವ ಕನಿಷ್ಠ ವಿದ್ಯುತ್ ಬೇಡಿಕೆ) ಎಂಬುದಕ್ಕೆ ತಳಹೊರೆ, ಮೂಲಹೊರೆ ಎಂಬ ಸೂಚನೆಗಳನ್ನು ಕಂಡಿದ್ದೇನೆ. ನಮ್ಮ ಲೈನ್‌ಮನ್‌ಗಳೂ ಪಂಪಸೆಟ್ಟಿನ ರೈತರೂ ದಿನವಿಡೀ ‘ಲೋಡ್’ ಎಂದೇ ಮಾತಾಡುವುದರಿಂದ ಅದನ್ನು ಹಾಗೆಯೇ ಇಟ್ಟುಕೊಳ್ಳುವುದು ಲೇಸು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಎನರ್ಜಿಗೆ ಶಕ್ತಿ, ಫ್ಯೂಯೆಲ್ಲಿಗೆ ಇಂಧನ, ಎಲೆಕ್ಟ್ರಿಸಿಟಿಗೆ ವಿದ್ಯುತ್ತು ಎಂದು ಬರೆಯುವ ಕಟ್ಟುನಿಟ್ಟನ್ನು ಇಲಾಖೆಯ ಹೆಸರು ಅಡ್ಡಬಂದರೂ ಪಾಲಿಸಬಹುದೇ? ಸ್ಪೆಂಟ್ ಫ್ಯೂಯೆಲ್ಲಿಗೆ ಕಸವೆಂದೂ ಸಂಪತ್ತೆಂದೂ ಹೇಳದ, ಎರಡೂ ಕಡೆಯ ವಾದಿಗಳು ಒಪ್ಪಬಹುದಾದ ಪದ ಯಾವುದು? ಕೈಗಾ ಅಥವಾ ಕಾರವಾರದ ಕಡೆಯ ಸದಸ್ಯರು ಯಾರಾದರೂ ಇದ್ದರೆ, ಸ್ಥಾವರದ ಒಳಗೆ ಕೆಲಸ ಮಾಡುವ ಕನ್ನಡಿಗರು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುವಾಗ ಆ ಕಂತೆಗಳಿಗೆ ಏನೆನ್ನುತ್ತಾರೆಂಬುದನ್ನು ದಯವಿಟ್ಟು ತಿಳಿಸಬೇಕು. ನಿಘಂಟಿನ ಪದಕ್ಕಿಂತ ಅದನ್ನೇ ಮೊದಲು ಪರಿಗಣಿಸಲು ನಾನು ಸಿದ್ಧನಿದ್ದೇನೆ.